ಒಂಬತ್ತು ಪಾಲಿನ ಪಂಡಿತರಿಗೊಂದು ಬಹಿರಂಗ ಪತ್ರ

ಲಿನಕ್ಸ್ ಹಾಕಿಕೊಳ್ಳುವವರಿಗೆಲ್ಲ ಪುಕ್ಕಟೆ ಸಲಹೆ ಕೊಡುವ ಪಂಡಿತರಲ್ಲಿ ಸಾಷ್ಟಾಂಗ ವಿಜ್ಞಾಪನೆಗಳು.

ಉಭಯ ಕುಶಲೋಪರಿ ಸಾಂಪ್ರತ. ಕುಶಲ ಎಂದದ್ದು ಪದ್ಧತಿಗಷ್ಟೆ. ನನ್ನ ಲ್ಯಾಪ್‌ಟಾಪ್ ನಿನ್ನೆ ರಾತ್ರಿಯಿಂದ ಡಿಸ್ಕಿನಲ್ಲಿ ಜಾಗವಿಲ್ಲವೆಂದು ಹಟ ಹಿಡಿದು ಕೂತಿದೆ. 256 ಜಿಬಿ ಡಿಸ್ಕಿನಲ್ಲಿ 120 ಜಿಬಿ ಖಾಲಿ ಬಿದ್ದಿದೆ, ಆದರೂ ಜಾಗವಿಲ್ಲ. ಇಂಥ ಪವಾಡ ತಮ್ಮ ಅನುಗ್ರಹವಿಲ್ಲದೆ ಆಗುವಂಥದ್ದಲ್ಲ.

ಲಿನಕ್ಸ್ ಹಾಕಿಕೊಂಡ ದಿನ ತಾವು ಬರೆದುಕೊಟ್ಟ ಡಿಸ್ಕಿನ ಪಾಲುಪಟ್ಟಿ ಇನ್ನೂ ನನ್ನ ಹತ್ತಿರ ಇದೆ. ಇಎಫ್‌ಐ, ಬೂಟ್, ರೂಟ್, ಯುಎಸ್‌ಆರ್, ವಾರ್, ಟೆಂಪ್, ಆಪ್ಟ್, ಸ್ವಾಪ್, ಹೋಮ್. ಎಣಿಸಿದರೆ ಒಂಬತ್ತು. ದೇವಸ್ಥಾನದ ನವಗ್ರಹಗಳ ಹಾಗೆ ಒಂದರ ಮುಖ ಇನ್ನೊಂದು ನೋಡುವುದಿಲ್ಲ. ವಾರ್‌ಗೆ 6 ಜಿಬಿ ಸಾಕು, ಅಲ್ಲಿ ಲಾಗ್ ಬಿಟ್ಟರೆ ಇನ್ನೇನಿರುತ್ತದೆ ಎಂದಿರಿ. ಸ್ವಾಮೀ, ಡಾಕರ್ ತನ್ನ ಇಮೇಜುಗಳನ್ನು ಪೇರಿಸುವುದು ಅಲ್ಲೇ. ಫ್ಲಾಟ್‌ಪ್ಯಾಕ್ ಆ್ಯಪ್‌ಗಳು ಬಂದಿಳಿಯುವುದೂ ಅಲ್ಲೇ. ವಾರ್ ಉಸಿರುಗಟ್ಟಿ ಒದ್ದಾಡುತ್ತಿದ್ದರೆ ಗೋಡೆಯಾಚೆ ಹೋಮ್ ಕಾಲು ಚಾಚಿ ಮಲಗಿದೆ.

ಗೋಡೆ ಸರಿಸಿದರಾಯಿತು ಎನ್ನುತ್ತೀರಿ. ಸರಿಸಲು ಹೋದೆ. ಇಎಕ್ಸ್‌ಟಿ4 ಪಾಲನ್ನು ಕುಗ್ಗಿಸಬೇಕಾದರೆ ಮೊದಲು ಅನ್‌ಮೌಂಟ್ ಮಾಡಬೇಕು. ಪೆನ್‌ಡ್ರೈವಿನಿಂದ ಬೂಟ್ ಮಾಡಿಕೊಂಡು ಕೂತೆ. ಹೋಮ್ ಕುಗ್ಗಿದರೆ ಜಾಗ ಬಿಡುವಾಗುವುದು ಅದರ ಬಾಲದ ಕಡೆ. ವಾರ್ ಇರುವುದು ತಲೆಯ ಕಡೆ. ನಡುವೆ ಟೆಂಪ್, ಆಪ್ಟ್, ಸ್ವಾಪ್ ಮೂವರೂ ಅಡ್ಡ ಕೂತಿದ್ದಾರೆ. ಒಬ್ಬೊಬ್ಬರನ್ನೇ ಎಬ್ಬಿಸಿ ಆಚೆ ಕೂರಿಸಬೇಕು, ಹೋಮ್‌ನ ಸಂಸಾರವನ್ನೆಲ್ಲ ಹೊತ್ತು ಸಾಗಿಸಬೇಕು. ಅಷ್ಟರೊಳಗೆ ಬ್ಯಾಟರಿ ಕೈಕೊಟ್ಟರೆ ಸಂಸಾರವೇ ಬೀದಿಪಾಲು. ಎಕ್ಸ್‌ಎಫ್‌ಎಸ್ ಹಾಕು ಎನ್ನದೆ ಬಿಟ್ಟಿರಲ್ಲ, ಅದು ದೊಡ್ಡ ಕೃಪೆ. ಅದು ಹಿಗ್ಗುತ್ತದೆ, ಕುಗ್ಗಿಸುವುದು ಕಾರ್ಯತಃ ಆಗದ ಮಾತು.

ಯುಎಸ್‌ಆರ್ ಬೇರೆ ಇಡದಿದ್ದರೆ ಯುನಿಕ್ಸ್ ಸಂಪ್ರದಾಯಕ್ಕೆ ಅಪಚಾರ ಎಂದೂ ಹೆದರಿಸಿದ್ದಿರಿ. ಆ ಸಂಪ್ರದಾಯದ ಮೂಲ ಇಷ್ಟು. 1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನ ಪಿಡಿಪಿ-11ರಲ್ಲಿ ಕೆನ್ ಥಾಂಪ್ಸನ್, ಡೆನಿಸ್ ರಿಚಿಯವರ ಮೊದಲ ಡಿಸ್ಕ್ ತುಂಬಿಹೋಯಿತು. ಅದರಲ್ಲಿ ಹಿಡಿಯದ ಪ್ರೋಗ್ರಾಮುಗಳನ್ನು ಬಳಕೆದಾರರ ಫೈಲುಗಳಿದ್ದ ಇನ್ನೊಂದು ಡಿಸ್ಕಿಗೆ ತುರುಕಿದರು. ಆ ಡಿಸ್ಕಿಗೆ ಯುಎಸ್‌ಆರ್ ಎಂದು ಹೆಸರಿತ್ತು. ಅಡುಗೆಮನೆಯಲ್ಲಿ ಜಾಗ ಸಾಲದೆ ಅಟ್ಟಕ್ಕೇರಿಸಿದ ಪಾತ್ರೆಗೆ ಐವತ್ತು ವರ್ಷ ಮಂಗಳಾರತಿ! ಫೆಡೋರಾದವರು 2012ರಲ್ಲೇ ಬಿನ್, ಲಿಬ್ ಎಲ್ಲವನ್ನೂ ಯುಎಸ್‌ಆರ್ ಒಳಗೆ ಸೇರಿಸಿ ಕೈತೊಳೆದುಕೊಂಡರು. ಸುದ್ದಿ ತಮಗೆ ಮುಟ್ಟಿಲ್ಲವೆಂದು ಕಾಣುತ್ತದೆ.

ಸ್ವಾಪ್ ರ‍್ಯಾಮಿನ ಎರಡರಷ್ಟು ಎಂಬುದು ರ‍್ಯಾಮನ್ನು ಎಂಬಿಗಳಲ್ಲಿ ಅಳೆಯುತ್ತಿದ್ದ ಕಾಲದ ಲೆಕ್ಕ. ನನ್ನ 16 ಜಿಬಿಗೆ 32 ಜಿಬಿ ದಾನ ಮಾಡಿಸಿದಿರಿ. ಹೈಬರ್ನೇಟ್ ಮಾಡುವವರಿಗೆ ರ‍್ಯಾಮಿನಷ್ಟಾದರೂ ಇದ್ದರೆ ಒಳ್ಳೆಯದು, ಒಪ್ಪಿದೆ. ನನಗೆ ಆ ಅಭ್ಯಾಸವಿಲ್ಲ. ಉಬುಂಟು 2017ರಿಂದಲೇ ಪಾಲಿನ ಬದಲು ಸ್ವಾಪ್ ಫೈಲು ಕೊಡುತ್ತಿದೆ.

ತಮ್ಮನ್ನು ಪೂರ್ತಿ ತಪ್ಪೆನ್ನಲಾರೆ. ಹಗಲೂ ರಾತ್ರಿ ಓಡುವ ಸರ್ವರಿನಲ್ಲಿ ಲಾಗ್ ಉಕ್ಕಿ ರೂಟ್ ಮುಳುಗಬಾರದೆಂದರೆ ವಾರ್ ಬೇರೆ ಇರುವುದೇ ಸರಿ. ಅಲ್ಲಿ ಬೇಕಾದಾಗ ಪಾಲು ಹಿಗ್ಗಿಸಿಕೊಳ್ಳಲು ಬಿಡುವ ಎಲ್‌ವಿಎಂ ಹಾಕಿ, ಸ್ವಲ್ಪ ಜಾಗ ಯಾರಿಗೂ ಕೊಡದೆ ಉಳಿಸಿಕೊಂಡವನೇ ಜಾಣ. ನನ್ನ ಒಂಬತ್ತರಲ್ಲಿ ಉಪಕಾರಕ್ಕೆ ಬಂದದ್ದು ಹೋಮ್. ಒಮ್ಮೆ ಸಿಸ್ಟಂ ಕೆಟ್ಟಾಗ ಅದನ್ನು ಮುಟ್ಟದೆ ಉಳಿದದ್ದನ್ನು ಹೊಸದಾಗಿ ಹಾಕಿಕೊಂಡೆ. ನವಗ್ರಹವೆಂದ ಮೇಲೆ ಹೋಮ ಬೇಕೇ ಬೇಕಲ್ಲ. ಆ ಹೋಮ್‌ನಲ್ಲೂ ನೂರಕ್ಕೆ ಐದು ಪಾಲನ್ನು ಇಎಕ್ಸ್‌ಟಿ4 ರೂಟ್ ಬಳಕೆದಾರನಿಗೆಂದು ಎತ್ತಿಟ್ಟಿದೆ. ಹೆಚ್ಚುಕಡಿಮೆ 8 ಜಿಬಿ. ಟ್ಯೂನ್‌2ಎಫ್‌ಎಸ್ ಎಂಬ ಕಮಾಂಡಿನ ಒಂದೇ ಸಾಲಿನಲ್ಲಿ ಬಿಡಿಸಿಕೊಳ್ಳಬಹುದು ಎಂದು ತಾವು ಹೇಳಲಿಲ್ಲ.

ಭಾನುವಾರ ಎಲ್ಲ ಒರೆಸಿ ಮೂರೇ ಪಾಲು ಮಾಡುತ್ತೇನೆ. ಇಎಫ್‌ಐಗೆ 1 ಜಿಬಿ, ರೂಟ್‌ಗೆ 80, ಉಳಿದದ್ದು ಹೋಮ್‌ಗೆ. ಒರೆಸುವ ಮುನ್ನ ಬ್ಯಾಕಪ್ ಬೇಕು. ಒಂಬತ್ತು ಪಾಲು ಮಾಡಿಸಿದ ದಿನ ತಮ್ಮ ಬಾಯಲ್ಲಿ ಆ ಶಬ್ದ ಒಮ್ಮೆಯೂ ಬಂದಿರಲಿಲ್ಲ. ಡಿಸ್ಕ್ ಸತ್ತಿದ್ದರೆ ಒಂಬತ್ತಕ್ಕೂ ಒಂದೇ ತಿಥಿ. ತಮ್ಮಲ್ಲಿ 1 ಟಿಬಿಯ ಎಕ್ಸ್‌ಟರ್ನಲ್ ಡಿಸ್ಕ್ ಇದೆಯೆಂದು ಕೇಳಿದ್ದೇನೆ. ಶನಿವಾರದೊಳಗೆ ಕಳಿಸಿಕೊಡಿ. ದಯವಿಟ್ಟು ಅದನ್ನು ಪಾಲು ಮಾಡಿ ಕಳಿಸಬೇಡಿ.

ಇತಿ ತಮ್ಮ ವಿಧೇಯ,
ಜಾಗವಿದ್ದೂ ಜಾಗವಿಲ್ಲದವ