ಪಿಗ್ಮಿಯಿಂದ ಫೀಸಿನವರೆಗೆ

ದೊಡ್ಡವನಾದ ಮೇಲೆ ಏನಾಗ್ತೀಯೋ ಎಂದರೆ ಡಾಕ್ಟರು, ಇಂಜಿನಿಯರು, ಬಸ್ ಕಂಡಕ್ಟರು ಎಂದ ಹುಡುಗರನ್ನು ಕಂಡಿದ್ದೇನೆ. ಹಣಕಾಸು ಸಲಹೆಗಾರ ಎಂದವನನ್ನು ಮಾತ್ರ ಕಂಡಿಲ್ಲ. ಊರಿಗೆಲ್ಲ ‘ಪ್ಲಾನ್ ಮಾಡಿ ಸ್ವಾಮೀ’ ಎಂದು ಉಪದೇಶಿಸುವ ಈ ಕಸುಬಿಗೆ ಪ್ಲಾನ್ ಮಾಡಿ ಬಂದವರೇ ಕಡಿಮೆ. ಬ್ಯಾಂಕಿನಲ್ಲಿ ವಿಆರ್‌ಎಸ್ ತೆಗೆದುಕೊಂಡವರು, ಟ್ಯೂಷನ್ ಹೇಳಿ ಗಂಟಲು ಕಟ್ಟಿದ ಮೇಷ್ಟ್ರುಗಳು, ನಲವತ್ತು ದಾಟುತ್ತಲೇ ಕೋಡಿಂಗ್ ಸಾಕೆನಿಸಿದ ಬೆಂಗಳೂರಿನ ಸಾಫ್ಟ್‌ವೇರ್ ಮಂದಿ, ಎಲ್ಲರೂ ಹಿತ್ತಲ ಬಾಗಿಲಿನಿಂದ ಒಳಬಂದವರೇ.

ನಮ್ಮ ಕಡೆ ಈ ಕುಲದ ಮೂಲಪುರುಷ ಪಿಗ್ಮಿ ಏಜೆಂಟ್. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಬ್ಯಾಂಕು 1928ರಲ್ಲಿ ಶುರುಮಾಡಿದ ದಿನದಿನದ ಉಳಿತಾಯದ ಯೋಜನೆ ಪಿಗ್ಮಿ. ದಿನಕ್ಕೆ ಎರಡಾಣೆ ಕಟ್ಟಿದರೂ ಸಾಕಿತ್ತು. ಸಂಜೆ ಹೊತ್ತು ಹೂವಿನವಳ ಮುಂದೆ ನಿಂತು, ಅವಳು ಗಿರಾಕಿಗೆ ಮೊಳ ಹಾಕಿ ಮುಗಿಸುವ ತನಕ ಕಾದು, ಗೋಣಿತಾಟಿನ ಅಡಿಯಿಂದ ಅವಳು ಎಳೆದುಕೊಟ್ಟ ಒದ್ದೆ ನೋಟನ್ನು ಬೆರಳಲ್ಲಿ ಸವರಿ ಚೀಲಕ್ಕೆ ಹಾಕಿ, ಚೀಟಿ ಹರಿದುಕೊಡುತ್ತಿದ್ದ ಮನುಷ್ಯ. ಯಾರ ಅಂಗಡಿ ಮುಳುಗುತ್ತಿದೆ, ಯಾರ ಮಗಳಿಗೆ ಗಂಡು ಗೊತ್ತಾಯಿತು ಎಂಬುದು ಮ್ಯಾನೇಜರಿಗಿಂತ ಮೊದಲು ಅವನಿಗೆ ತಿಳಿಯುತ್ತಿತ್ತು. ನನ್ನ ಪ್ರಕಾರ ಸರ್ಟಿಫಿಕೇಟಿಲ್ಲದ ಪ್ಲಾನರ್ ಅವನೇ.

ಮುಂದಿನ ಮೆಟ್ಟಿಲು ಎಲ್‌ಐಸಿ ಏಜೆಂಟರು. ಬಹುಕಾಲ ಅವರಿಗೆ ಮೊದಲ ವರ್ಷದ ಕಂತಿನಲ್ಲಿ ಕಾಲು ಭಾಗದವರೆಗೂ ಕಮಿಷನ್ ಇತ್ತು, ಆಮೇಲೆ ವರ್ಷವರ್ಷವೂ ರಿನ್ಯೂವಲ್. ಹಾಗಾಗಿ ನಾಮಕರಣದ ತೊಟ್ಟಿಲ ಪಕ್ಕದಲ್ಲಿ ಸೋದರತ್ತೆಗಿಂತ ಮೊದಲು ಅವರೇ ಹಾಜರು. ಮದುವೆ ಮನೆಯಲ್ಲಿ ಅವರನ್ನು ಕಂಡು ಕಂಬದ ಮರೆಗೆ ಸರಿದವರೂ, ಯಜಮಾನ ತೀರಿಕೊಂಡಾಗ ಕ್ಲೇಮಿಗಾಗಿ ಹುಡುಕಿದ್ದು ಅವರ ನಂಬರನ್ನೇ.

ಅಲ್ಲಿಂದ ಮ್ಯೂಚುವಲ್ ಫಂಡಿಗೆ ಹಾರಿದವರಿಗೆ 2009ರ ಆಗಸ್ಟ್ 1ರಂದು ಷೇರುಪೇಟೆಯ ನಿಯಂತ್ರಕ ಸೆಬಿ ತಣ್ಣೀರೆರಚಿತು: ಹೂಡುವಾಗಲೇ ಮುರಿದುಕೊಂಡು ಅವರ ಕಮಿಷನ್ನಿಗೆ ಕೊಡುತ್ತಿದ್ದ ಎಂಟ್ರಿ ಲೋಡ್ ರದ್ದು. ಎಷ್ಟೋ ಜನ ಮರಳಿ ವಿಮೆಗೇ ಬಂದರು. ಆಮೇಲೆ 2013ರಲ್ಲಿ ಹೂಡಿಕೆ ಸಲಹೆಗಾರರ ನಿಯಮ. 2020ರಲ್ಲಿ ಅದಕ್ಕೆ ಇನ್ನೂ ಬಿಗಿ. ಒಂದೇ ಕುಟುಂಬದಿಂದ ಸಲಹೆಗೆ ಫೀಸು, ಮಾರಿದ್ದಕ್ಕೆ ಕಮಿಷನ್ ಎರಡೂ ಕೂಡದು. ಒಂದು ದಡ ಆರಿಸಿಕೊಳ್ಳಬೇಕು.

ದಡ ಬದಲಿಸುವ ಕಷ್ಟ ಪರೀಕ್ಷೆಯದ್ದಲ್ಲ. ಸಲಹೆಗಾರರಾಗಲು ಬರೆಯಬೇಕಾದ ಎನ್‌ಐಎಸ್‌ಎಂ ಪೇಪರುಗಳನ್ನು ಐವತ್ತರ ಗೃಹಿಣಿಯರೂ ಪಾಸು ಮಾಡುತ್ತಾರೆ. ಕಷ್ಟವಿರುವುದು ‘ನನ್ನ ಫೀಸು ಇಷ್ಟು’ ಎಂದು ಬಾಯಿಬಿಟ್ಟು ಹೇಳುವುದರಲ್ಲಿ. ಕಾಣದ ಕಮಿಷನ್ನಿಗೆ ತುಟಿಪಿಟಕ್ಕೆನ್ನದವರು, ಕಾಣುವ ಐದು ಸಾವಿರಕ್ಕೆ ಬೆಚ್ಚಿ ಬೀಳುತ್ತಾರೆ. ‘ಒಂದು ಸಣ್ಣ ಡೌಟು, ಫೋನಲ್ಲೇ ಹೇಳಿಬಿಡಿ’ ಎಂಬ ಭಾವಮೈದುನ ಪ್ರತಿ ಸಲಹೆಗಾರನಿಗೂ ಇದ್ದೇ ಇರುತ್ತಾನೆ. ಇತ್ತ ಹಳೇ ಫಂಡುಗಳಲ್ಲಿ ಗಿರಾಕಿಯ ಹಣ ಇರುವಷ್ಟು ಕಾಲ ಬರುತ್ತಲೇ ಇರುವ ಟ್ರೇಲ್ ಕಮಿಷನ್ ಬಿಸಿನೀರಿನ ಹಂಡೆಯ ಕಾವಿನ ಹಾಗೆ, ಎದ್ದುಹೋಗಲು ಮನಸ್ಸಾಗದು.

ಆದರೂ ಫೀಸಿನ ದಾರಿಯೇ ನೆಟ್ಟಗಿನದು ಎಂದು ನನ್ನ ಅಂದಾಜು. ಹೊರಡುವವರು ಗಿರಾಕಿಗಳಿಗೆ ಆರು ತಿಂಗಳ ಖರ್ಚು ಎತ್ತಿಡಿ ಎನ್ನುತ್ತಾರಲ್ಲ, ತಮಗೆ ಎರಡು ವರ್ಷದ್ದು ಇಟ್ಟುಕೊಳ್ಳಲಿ. ಓದುಗರಾದ ತಾವು ಒಂದು ಉಪಕಾರ ಮಾಡಿ: ಅಂಥವರು ಎದುರು ಕೂತು ಫೀಸು ಹೇಳಿದಾಗ ಚೌಕಾಸಿ ಬೇಡ, ಕಾಫಿ ಕೊಟ್ಟು ಸಾಗಹಾಕುವುದೂ ಬೇಡ.