ಗವಾಕ್ಷಾನುಪಲಬ್ಧಿ ಮೀಮಾಂಸೆ

ಡಿಸ್‌ಪ್ಲೇ ಸರ್ವರ್ ಬದಲಾದ ಮೇಲೆ, ಕಣ್ಣೆದುರಿಗೇ ಇರುವ ವಿಂಡೋ ಇದೆಯೋ ಇಲ್ಲವೋ ಎಂಬುದು ಈ ಗ್ರಂಥದ ವಿಷಯ. ಅಧಿಕಾರಿ ಯಾರೆಂದರೆ, ಸುಮ್ಮನಿರಲಾರದೆ ಲಿನಕ್ಸ್ ಅಪ್‌ಗ್ರೇಡ್ ಮಾಡಿದವನು. ಸಂಬಂಧವೆಂದರೆ ಅವನಿಗೂ ಮಾನಿಟರಿಗೂ ಇರುವಂಥದ್ದು, ಸದ್ಯಕ್ಕೆ ಹಳಸಿದೆ. ಪ್ರಯೋಜನವನ್ನು ಕೊನೆಯಲ್ಲಿ ಹೇಳುತ್ತೇವೆ, ಸಿಕ್ಕರೆ.

ಮೊದಲು ನಾಮನಿರುಕ್ತಿ. ಸ್ಟ್ಯಾನ್‌ಫರ್ಡಿನಲ್ಲಿ ಡಬ್ಲ್ಯೂ ಎಂಬ ವಿಂಡೋ ವ್ಯವಸ್ಥೆಯಿತ್ತು. ಅದರಿಂದ ಹುಟ್ಟಿದ್ದಕ್ಕೆ 1984ರಲ್ಲಿ ಎಂಐಟಿಯವರು ಮುಂದಿನ ಅಕ್ಷರವನ್ನೇ ಹೆಸರಾಗಿ ಇಟ್ಟರು: ಎಕ್ಸ್. 1987ರಲ್ಲಿ ಅದರ ಹನ್ನೊಂದನೇ ಆವೃತ್ತಿ ಬಂತು, ಎಣಿಕೆ ಅಲ್ಲಿಗೇ ನಿಂತಿತು. 2008ರಲ್ಲಿ ಕ್ರಿಸ್ಟಿಯಾನ್ ಹಾಗ್ಸ್‌ಬರ್ಗ್ ಹೊಸ ವ್ಯವಸ್ಥೆಗೆ ಕೈಹಾಕಿದಾಗ ಅಕ್ಷರಮಾಲೆಯನ್ನು ಬಿಟ್ಟುಕೊಟ್ಟರು. ಮ್ಯಾಸಚೂಸೆಟ್ಸಿನ ವೇಲ್ಯಾಂಡ್ ಎಂಬ ಊರಿನ ಮೇಲೆ ಕಾರಿನಲ್ಲಿ ಹೋಗುವಾಗ ಹೊಳೆದ ವಿಚಾರವಾದ್ದರಿಂದ ಊರಿನ ಹೆಸರೇ ಉಳಿಯಿತು. ಅದೇ ವಿಚಾರ ಬೆಂಗಳೂರಿನ ಸಿಲ್ಕ್ ಬೋರ್ಡಿನಲ್ಲಿ ಹೊಳೆದಿದ್ದರೆ, ಸಿಗ್ನಲ್ ಬಿಡುವಷ್ಟರಲ್ಲಿ ಕೋಡೂ ಮುಗಿದಿರುತ್ತಿತ್ತು.

ಇನ್ನು ಪ್ರಕೃತ ವಿಷಯ. ನಮ್ಮಲ್ಲಿ ಆರು ಸಾಲಿನ ಒಂದು ಶೆಲ್ ಸ್ಕ್ರಿಪ್ಟ್ ಇತ್ತು, ಹೆಸರು ನಿತ್ಯಕರ್ಮ. ಬೆಳಿಗ್ಗೆ ಅದನ್ನು ಓಡಿಸಿದರೆ ಡಬ್ಲ್ಯೂಎಂಕಂಟ್ರೋಲ್ ಎಂಬ ಪರಿಚಾರಕ ಬ್ರೌಸರನ್ನು ಬಲಕ್ಕೂ ಟರ್ಮಿನಲ್ಲನ್ನು ಎಡಕ್ಕೂ ಸರಿಸಿ, ಇಮೇಲನ್ನು ಎರಡನೇ ವರ್ಕ್‌ಸ್ಪೇಸಿಗೆ ಅಟ್ಟುತ್ತಿತ್ತು. ನಾವು ಕಾಫಿ ಕುಡಿಯುತ್ತಿದ್ದೆವು. ಅಪ್‌ಗ್ರೇಡಿನಲ್ಲಿ ಎಕ್ಸ್ ಹೋಗಿ ವೇಲ್ಯಾಂಡ್ ಬಂದ ಮರುದಿನ ಸ್ಕ್ರಿಪ್ಟ್ ಓಡಿತು, ಒಂದು ಮಾತೂ ಆಡಲಿಲ್ಲ, ಒಂದು ವಿಂಡೋವೂ ಅಲುಗಲಿಲ್ಲ. ಚಿತ್ರ ತಿದ್ದುವ ಹಳೆಯ ಗಿಂಪ್ ಒಂದೇ ವಿಧೇಯನಾಗಿ ಮೂಲೆಗೆ ಸರಿದು ಕೂತಿತು.

ಪೂರ್ವಪಕ್ಷ: ‘ಇದು ಕಾಲದೋಷ. ವಿಂಡೋ ತೆರೆಯುವ ಮೊದಲೇ ಆಜ್ಞೆ ಹೋಗುತ್ತಿದೆ.’ ಎಕ್ಸ್ ಕಾಲದಲ್ಲಿ ಇದು ಎಷ್ಟೋ ಸಲ ನಿಜವೂ ಆಗಿತ್ತು. ಆದ್ದರಿಂದ ಸ್ಲೀಪ್ 2 ಎಂದು ಸೇರಿಸಿದೆವು. ಆಮೇಲೆ 5. ಆಮೇಲೆ 15. ಸ್ಕ್ರಿಪ್ಟ್ ಚೆನ್ನಾಗಿ ನಿದ್ದೆ ಮಾಡಿತು, ನಮಗೆ ಬರಲಿಲ್ಲ.

ಮೂರನೇ ದಿನ, ಇರುವ ವಿಂಡೋಗಳನ್ನೆಲ್ಲ ಪಟ್ಟಿ ಮಾಡು ಎಂದು ಕೇಳಿದೆವು. ಪರದೆಯ ಮೇಲೆ ಐದು. ಪಟ್ಟಿಯಲ್ಲಿ ಒಂದೇ ಸಾಲು: ಗಿಂಪ್. ಇಲ್ಲಿಂದ ವಿಷಯ ಕಂಪ್ಯೂಟರ್ ರಿಪೇರಿಯವರ ಕೈಮೀರಿ ದರ್ಶನಶಾಸ್ತ್ರಕ್ಕೆ ಸೇರುತ್ತದೆ.

ಭಾಟ್ಟ ಮೀಮಾಂಸಕರು ಆರು ಪ್ರಮಾಣಗಳನ್ನು ಒಪ್ಪುತ್ತಾರೆ, ಆರನೆಯದು ಅನುಪಲಬ್ಧಿ. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲ ಎಂದು ತಿಳಿಯುವುದು. (ಪ್ರಾಭಾಕರರು ಇದನ್ನು ಒಪ್ಪುವುದಿಲ್ಲ. ಅವರು ಯಾವ ಡಿಸ್ಟ್ರೋ ಬಳಸುತ್ತಿದ್ದರೋ.) ಆದರೆ ಅದಕ್ಕೊಂದು ಷರತ್ತಿದೆ: ಇದ್ದಿದ್ದರೆ ಕಾಣಲೇಬೇಕಾದ ವಸ್ತುವಿಗಷ್ಟೇ ಇದು ಸಲ್ಲುತ್ತದೆ. ಕತ್ತಲ ಕೋಣೆಯಲ್ಲಿ ನಿಂತು ಗಡಿಗೆ ಇಲ್ಲ ಎನ್ನುವ ಹಕ್ಕು ಯಾರಿಗೂ ಇಲ್ಲ. ಡಬ್ಲ್ಯೂಎಂಕಂಟ್ರೋಲ್ ನಿಂತಿದ್ದು ಅಂಥ ಕೋಣೆಯಲ್ಲಿ. ಪಾಪ, ಅದು ಸುಳ್ಳು ಹೇಳಿರಲಿಲ್ಲ.

ಹೇಗೆಂದರೆ, ಎಕ್ಸ್ ಎಂಬುದು ಹಳೇ ವಠಾರ. ಯಾರ ಮನೆಯ ಕಿಟಕಿ ಎಲ್ಲಿದೆ, ಒಳಗೇನು ಕುದಿಯುತ್ತಿದೆ ಎಲ್ಲವೂ ಎಲ್ಲರಿಗೂ ಗೊತ್ತು. ಒಂದು ಆ್ಯಪಿನಲ್ಲಿ ಒತ್ತಿದ ಪಾಸ್‌ವರ್ಡನ್ನು ಇನ್ನೊಂದು ಆ್ಯಪ್ ಕದ್ದು ಕೇಳಬಹುದಿತ್ತು. ಅಂಥಲ್ಲಿ ಡಬ್ಲ್ಯೂಎಂಕಂಟ್ರೋಲ್, ಎಕ್ಸ್‌ಡೂಟೂಲ್ ಮುಂತಾದವರು ಜಗಲಿ ಮೇಲಿನ ಅಜ್ಜಿಯರು. ವೇಲ್ಯಾಂಡ್ ಗೇಟೆಡ್ ಅಪಾರ್ಟ್‌ಮೆಂಟು. ಪಕ್ಕದ ಮನೆಯವರ ಸುದ್ದಿ ಹಾಗಿರಲಿ, ತಾನು ಪರದೆಯ ಯಾವ ಮೂಲೆಯಲ್ಲಿದ್ದೇನೆ ಎಂಬುದೂ ಅಲ್ಲಿನ ವಿಂಡೋಗೆ ಗೊತ್ತಿಲ್ಲ. ಗೊತ್ತಿರುವುದು ಕಾಂಪೊಸಿಟರ್ ಎಂಬ ಗೇಟಿನವನಿಗೆ ಮಾತ್ರ. ಹಳೇ ಆ್ಯಪುಗಳಿಗೆಂದು ಆವರಣದಲ್ಲೇ ಒಂದು ಔಟ್‌ಹೌಸ್ ಕಟ್ಟಿಸಿದ್ದಾರೆ, ಹೆಸರು ಎಕ್ಸ್‌ವೇಲ್ಯಾಂಡ್. ಗಿಂಪ್ ಅಲ್ಲಿತ್ತು. ಅಜ್ಜಿಗೆ ಕಾಣುವುದೂ ಅಷ್ಟೇ.

ಇದಕ್ಕೆ ಪ್ರತ್ಯಕ್ಷ ಪ್ರಮಾಣವೂ ಉಂಟು. ಎಕ್ಸ್‌ಐಸ್ ಎಂಬ ಪುರಾತನ ಆ್ಯಪಿನಲ್ಲಿ ಎರಡು ದೊಡ್ಡ ಕಣ್ಣುಗಳು ಮೌಸ್ ಹೋದಲ್ಲೆಲ್ಲ ಹೊರಳುತ್ತವೆ. ಅದನ್ನು ತೆರೆದಿಟ್ಟು ಮೌಸನ್ನು ಗಿಂಪಿನ ಮೇಲೆ ಆಡಿಸಿದೆವು, ಕಣ್ಣು ಹೊರಳಿತು. ಬ್ರೌಸರಿನ ಮೇಲೆ ತಂದೆವು. ಕಣ್ಣು ಗಿಂಪಿನ ಅಂಚಿನಲ್ಲೇ ಕೀಲಿಸಿ ನಿಂತಿತು, ಬಸ್ಸು ಹೋದ ದಿಕ್ಕನ್ನೇ ನೋಡುತ್ತ ನಿಂತವರ ಹಾಗೆ.

ಪರಿಹಾರ ಖಂಡ ಚಿಕ್ಕದು. ಲಾಗಿನ್ ಪರದೆಯ ಗಾಲಿ ಗುರುತನ್ನು ಒತ್ತಿ ಎಕ್ಸ್‌ಆರ್ಗ್, ಅಂದರೆ ಹಳೇ ಎಕ್ಸನ್ನೇ, ಆರಿಸಿಕೊಳ್ಳುವ ದಾರಿಯಿತ್ತು. ಉಬುಂಟು ಸ್ವತಃ 17.10ರಲ್ಲಿ ವೇಲ್ಯಾಂಡಿಗೆ ಹೋಗಿ, 18.04ರಲ್ಲಿ ಎಕ್ಸ್‌ಗೆ ಮರಳಿ, 21.04ರಲ್ಲಿ ಮತ್ತೆ ಹೋಯಿತು. 25.10ರ ಗ್ನೋಮ್‌ನಲ್ಲಿ ಆ ಬಾಗಿಲೂ ಮುಚ್ಚಿದೆ. ವೈಡೂಟೂಲ್ ಎಂಬುದು ಕೀಲಿ ಒತ್ತಬಲ್ಲುದು, ಯಾವ ವಿಂಡೋ ಎಲ್ಲಿದೆಯೆಂದು ಹೇಳಲಾರದು. ಉಳಿದಿದ್ದು ಗೇಟಿನವನನ್ನೇ ಕೇಳುವುದು: ಕೆಡಿಇಯಲ್ಲಿ ಕೆವಿನ್ ಸ್ಕ್ರಿಪ್ಟು, ಸ್ವೇಯಲ್ಲಿ ಸ್ವೇಮೆಸೇಜು, ಗ್ನೋಮ್‌ನಲ್ಲಿ ಎಕ್ಸ್‌ಟೆನ್ಷನ್ನು. ಒಬ್ಬೊಬ್ಬ ಗೇಟಿನವನದು ಒಂದೊಂದು ಭಾಷೆ.

ಪ್ರತ್ಯಕ್ಷವನ್ನು ಮಾತ್ರ ನಂಬುವ ಲೋಕಾಯತ ಮತಕ್ಕೆ ನಮ್ಮ ಮನೆಯಲ್ಲಿ ಒಬ್ಬ ಆಚಾರ್ಯೆ ಇದ್ದಾರೆ. ‘ಕೈಯಲ್ಲಿ ಎಳೆದು ಇಟ್ಕೊಳ್ಳೋಕೆ ಏನ್ರೀ ಕಷ್ಟ? ಐದೇ ಅಲ್ವಾ ಇರೋದು?’ ಎಂದು ಆಕ್ಷೇಪಿಸಿದರು. ಆ ಮತವನ್ನು ಮುಂದಿನ ಸಂಪುಟದಲ್ಲಿ ಖಂಡಿಸಲಾಗುವುದು. ಸದ್ಯಕ್ಕೆ ದಿನಾ ಬೆಳಿಗ್ಗೆ ಕೈಯಲ್ಲೇ ಎಳೆದು ಇಡುತ್ತಿದ್ದೇವೆ. ಕಾಫಿ ಆರುತ್ತದೆ. ಎಕ್ಸ್‌ಐಸ್ ಮುಚ್ಚಲು ಮನಸ್ಸಾಗದೆ ಮೂಲೆಯಲ್ಲಿ ಬಿಟ್ಟಿದ್ದೇವೆ, ಅದು ಇನ್ನೂ ಗಿಂಪಿನ ಕಡೆಗೇ ನೋಡುತ್ತಿದೆ.