ಭೂತಕ್ಕೂ ನಾಳೆ, ಅಟ್ಟಕ್ಕೂ ನಾಳೆ

ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಗಲ್ಲಿಗಲ್ಲಿಗಳಲ್ಲಿ ಮನೆಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಹೊತ್ತು ದೆವ್ವವೊಂದು ಗೊತ್ತಿದ್ದವರ ದನಿಯಲ್ಲಿ ಕರೆಯುತ್ತದೆ, ಬಾಗಿಲು ತೆರೆದವರ ಕಥೆ ಅಲ್ಲಿಗೆ ಮುಗಿಯಿತು ಎಂಬ ಗುಲ್ಲು. ಪರಿಹಾರ ಸುಲಭವಾಗಿತ್ತು. ದೆವ್ವ ಬರುತ್ತದೆ, ಓದುತ್ತದೆ, ಹೋಗುತ್ತದೆ. ಮಾರನೆಯ ರಾತ್ರಿ ಮತ್ತೆ ಬರುತ್ತದೆ, ಮತ್ತೆ ಓದುತ್ತದೆ. ಮಂತ್ರವಾದಿ ಬೇಡ, ತಾಯತ ಬೇಡ, ಒಂದು ತುಂಡು ಸೀಮೆಸುಣ್ಣ ಸಾಕು. 2018ರಲ್ಲಿ ಹಿಂದಿಯವರು ಇದೇ ಎಳೆ ಹಿಡಿದು ‘ಸ್ತ್ರೀ’ ಎಂಬ ಸಿನಿಮಾ ಮಾಡಿ ದುಡ್ಡು ಎಣಿಸಿಕೊಂಡರು. ದೆವ್ವ ಸಾಕಿದ ಊರಿಗೆ ರಾಯಧನ ಬರಲಿಲ್ಲ. ನಾಳೆ ಬರಬಹುದು.

ಆ ದೆವ್ವದ ಮೇಲೆ ನನಗೆ ಬಹಳ ಗೌರವ. ದಿನಾ ಹೇಳಿದ ಹೊತ್ತಿಗೆ ಬರುತ್ತಿತ್ತು, ಕನ್ನಡ ಓದುತ್ತಿತ್ತು, ಲಿಖಿತ ಸೂಚನೆಯನ್ನು ಪಾಲಿಸುತ್ತಿತ್ತು. ಇಂಥ ಒಬ್ಬ ಪ್ಲಂಬರ್ ಸಿಕ್ಕಿದ್ದರೆ ಬೆಂಗಳೂರು ಉದ್ಧಾರವಾಗುತ್ತಿತ್ತು.

ಬಾಗಿಲ ಮೇಲಿನ ಆ ಬರಹ ಎಂದೋ ಅಳಿಸಿಹೋಯಿತು. ಆದರೆ ‘ನಾಳೆ’ ಎಲ್ಲಿಗೂ ಹೋಗಲಿಲ್ಲ. ಮನೆಯೊಳಕ್ಕೆ ಬಂದು ಲಾಫ್ಟಿನ ಮೇಲೆ, ದಿವಾನದ ಹೊಟ್ಟೆಯೊಳಗೆ, ಯುಟಿಲಿಟಿಯ ಮೂಲೆಯಲ್ಲಿ ನೆಲೆಯೂರಿದೆ. ಅಲ್ಲಿರುವುದು ಕಸ ಎಂದೀರಿ ಜೋಕೆ. ಕಸವಾಗಿದ್ದರೆ ಬೆಳಿಗ್ಗೆ ಗಾಡಿಗೆ ಸುರಿದು ಕೈ ತೊಳೆದುಕೊಳ್ಳುತ್ತಿದ್ದೆವು. ಹಿಡಿ ಮುರಿದ ಕುಕ್ಕರ್ ರಿಪೇರಿಗೆ ಹೋಗಬೇಕಾದದ್ದು. ಟೇಪ್ ರೆಕಾರ್ಡರಿಗೆ ಬೆಲ್ಟ್ ಹಾಕಿಸಬೇಕು. ವ್ಯಾಯಾಮದ ಸೈಕಲ್ಲನ್ನು ಸೋಮವಾರದಿಂದ ತುಳಿಯಬೇಕು, ಸದ್ಯಕ್ಕೆ ಅದರ ಮೇಲೆ ಟವೆಲ್ ಒಣಗುತ್ತಿದೆ. ಟೀವಿ ಸತ್ತು ಗುಜರಿಗೆ ಹೋದರೂ ಅದರ ಥರ್ಮಾಕೋಲ್ ಮಾತ್ರ ಮುತ್ತೈದೆಯಂತೆ ಕೂತಿದೆ. ಮಾಡದೆ ಬಿಟ್ಟ ಒಂದೊಂದು ಕೆಲಸವೂ ಅಲ್ಲಿ ಧೂಳು ಹೊದ್ದುಕೊಂಡು ತನ್ನ ಸರದಿ ಕಾಯುತ್ತಿದೆ.

ಇವುಗಳ ಬಾಡಿಗೆ ಲೆಕ್ಕವನ್ನು ಯಾರೂ ಹಾಕುವುದಿಲ್ಲ. ಚದರಡಿಗೆ ಹತ್ತು ಸಾವಿರ ಕೊಟ್ಟು ಕೊಂಡ ಫ್ಲ್ಯಾಟಿನಲ್ಲಿ ಆರಡಿಗೆ ಮೂರಡಿಯ ಮುರುಕು ಮಂಚ ಹಿಡಿದಿರುವುದು 1,80,000 ರೂಪಾಯಿಯ ಜಾಗ. ಗುಜರಿಯವನು ಅದನ್ನು ಐನೂರಕ್ಕೆ ಕೇಳಿದರೆ, ‘ತೇಗದ್ದು ಕಣಯ್ಯಾ, ಹಗಲು ದರೋಡೆ ಮಾಡ್ತೀಯಾ?’ ಎಂದು ಬೈದು ಅಟ್ಟುತ್ತೇವೆ. ಮಂಚ ವಾಸವಾಗಿರುತ್ತದೆ, ನಾವು ಇಎಂಐ ಕಟ್ಟುತ್ತಿರುತ್ತೇವೆ.

ನಾಳೆಯ ಪಿಡುಗು ಸರ್ಕಾರಕ್ಕೂ ಗೊತ್ತು. ಅದಕ್ಕೇ 2011ರಲ್ಲಿ ಕಾಯ್ದೆ ಮಾಡಿ, ಮರುವರ್ಷ ‘ಸಕಾಲ’ ಎಂಬ ಹೆಸರಿನಲ್ಲಿ ಜಾರಿಗೆ ತಂದಿತು. ಪ್ರತಿ ಅರ್ಜಿಗೂ ಇಂತಿಷ್ಟು ದಿನದ ಗಡುವು. ತಪ್ಪಿದರೆ ಅರ್ಜಿದಾರನಿಗೆ ದಿನಕ್ಕೆ 20 ರೂಪಾಯಿ ಪರಿಹಾರ, ಗರಿಷ್ಠ 500. ಇದನ್ನು ಮನೆಗಳಿಗೂ ವಿಸ್ತರಿಸಬೇಕೆಂಬುದು ನನ್ನ ಬಹುದಿನದ ಬೇಡಿಕೆ. ಗೃಹಿಣಿ ಅರ್ಜಿ ಕೊಡುತ್ತಾಳೆ: ‘ವಿಷಯ: ಲಾಫ್ಟಿನಿಂದ ಕೆಟ್ಟ ಕೂಲರನ್ನು ಇಳಿಸಿಕೊಡುವ ಬಗ್ಗೆ’. ಪತಿ ಸಹಿ ಹಾಕಿ, ಸಂಖ್ಯೆ ನಮೂದಿಸಿ ಸ್ವೀಕೃತಿ ಕೊಡಬೇಕು. ಗಡುವು ಮೀರಿದರೆ ಮೇಲ್ಮನವಿ. ಮೇಲ್ಮನವಿ ಪ್ರಾಧಿಕಾರ ಅತ್ತೆಯವರಾದ್ದರಿಂದ ತೀರ್ಪು ಮೊದಲೇ ಟೈಪಾಗಿರುತ್ತದೆ: ‘ವಾರಪೂರ್ತಿ ದುಡಿದು ಬರ್ತಾನೆ, ಅವನೊಬ್ಬನೇ ಎಷ್ಟೂಂತ ಮಾಡ್ತಾನಮ್ಮಾ?’ ದಂಡದಲ್ಲೂ ಒಂದು ತೊಡಕಿದೆ. ದಿನಕ್ಕೆ 20ರಂತೆ ಇಪ್ಪತ್ತೈದನೆಯ ದಿನಕ್ಕೆ 500 ತುಂಬಿಹೋಗುತ್ತದೆ. ಇಪ್ಪತ್ತಾರನೆಯ ದಿನದಿಂದ ಸೋಮಾರಿತನ ಸಂಪೂರ್ಣ ಉಚಿತ. ಮಗ್ಗಿ ಮರೆತ ಗಂಡಂದಿರೂ ಈ ಲೆಕ್ಕವನ್ನು ಬಾಯಲ್ಲೇ ಮಾಡಿ, ದುಡ್ಡು ಬಿಸಾಕಿ, ಮಗ್ಗುಲು ಬದಲಿಸುತ್ತಾರೆ.

ಅಂದಹಾಗೆ, ರಾಶಿಯಲ್ಲೂ ಮೇಲುಕೀಳು ಉಂಟು. ಗಂಡಸು ಕೂಡಿಟ್ಟರೆ ದಾಖಲೆ, ಹೆಂಗಸು ಕೂಡಿಟ್ಟರೆ ಹಾಳುಮೂಳು. ಮಾರಿಬಿಟ್ಟ ಸ್ಕೂಟರಿನ ಇನ್ಶೂರೆನ್ಸ್, ಕಡಿದುಹಾಕಿದ ಲ್ಯಾಂಡ್‌ಲೈನಿನ ಬಿಲ್ಲು, ಮುಚ್ಚಿಹೋದ ಖಾತೆಯ ಪಾಸ್‌ಬುಕ್ಕು ಎಲ್ಲ ಸೂಟ್‌ಕೇಸಿನೊಳಗೆ ಬೀಗದ ಭದ್ರತೆಯಲ್ಲಿರುತ್ತವೆ. ವಿಚಾರಣೆ ನಡೆಯುವುದು ಅಡುಗೆಮನೆಯ ಐಸ್‌ಕ್ರೀಮ್ ಡಬ್ಬಿಗಳ ಮೇಲೆ. ಡಬ್ಬಿಯಲ್ಲಿ ದೋಸೆಹಿಟ್ಟಾದರೂ ಇರುತ್ತದೆ ಸ್ವಾಮಿ.

ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಭಾನುವಾರದ ತಿಂಡಿಯ ನಂತರ, ಯಜಮಾನರಿಗೆ ಜ್ಞಾನೋದಯವಾಗುತ್ತದೆ. ‘ಈ ಮನೆಗೊಂದು ಸಿಸ್ಟಂ ಬೇಕು’ ಎಂದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ಮೊದಲು ಮನೆ ಒಪ್ಪಮಾಡುವ ವಿಡಿಯೊಗಳ ಅಧ್ಯಯನ. ಆಮೇಲೆ ಎಕ್ಸೆಲ್ ಶೀಟು: ಇಡುವುದು ಹಸಿರು, ಕೊಡುವುದು ಹಳದಿ, ಬಿಸಾಡುವುದು ಕೆಂಪು. ನೆನಪಿಸಲು ಒಂದು ಆ್ಯಪು, ಆ್ಯಪು ನೋಡಲು ನೆನಪಿಸುವ ಒಂದು ಅಲಾರಂ. ಮಧ್ಯಾಹ್ನದ ಹೊತ್ತಿಗೆ ಮುಚ್ಚಳವಿರುವ, ಒಂದರ ಮೇಲೊಂದು ಕೂರುವ ಪಾರದರ್ಶಕ ಪ್ಲಾಸ್ಟಿಕ್ ಬಾಕ್ಸುಗಳು ಆರ್ಡರಾಗಿರುತ್ತವೆ. ಇಷ್ಟೆಲ್ಲ ದುಡಿದ ಮೇಲೆ ಊಟ ಮಾಡಿ ಮಲಗುವುದು ನ್ಯಾಯವೇ. ಬಾಕ್ಸುಗಳು ಬರುತ್ತವೆ. ಅವುಗಳನ್ನು ಎಲ್ಲಿಡುವುದೆಂದು ತೋಚದೆ ಲಾಫ್ಟಿಗೇರಿಸಲಾಗುತ್ತದೆ. ಅವು ಬಂದ ರಟ್ಟಿನ ಪೆಟ್ಟಿಗೆಯೂ ಏರುತ್ತದೆ, ಗಟ್ಟಿಯಾಗಿದೆ, ಇರಲಿ.

ಒಪ್ಪಮಾಡಲು ನಡೆಸುವ ಸಿದ್ಧತೆಯಷ್ಟು ಮರ್ಯಾದಸ್ಥ ಸೋಮಾರಿತನ ಇನ್ನೊಂದಿಲ್ಲ. ಸೋಫಾದಲ್ಲಿ ಬಿದ್ದುಕೊಂಡವನನ್ನು ಯಾರು ಬೇಕಾದರೂ ಬೈಯಬಹುದು. ತುಟಿ ಕಚ್ಚಿಕೊಂಡು ಡಬ್ಬಿಗಳಿಗೆ ಲೇಬಲ್ ಅಂಟಿಸುತ್ತಿರುವವನನ್ನು ಯಾವ ಬಾಯಿಂದ ಬೈಯುವುದು?

ಒಪ್ಪಮಾಡುವ ವಿದ್ಯೆಯ ಜಗದ್ಗುರು ಜಪಾನಿನ ಮಾರಿ ಕೊಂಡೊ. ಒಂದೊಂದೇ ವಸ್ತುವನ್ನು ಕೈಯಲ್ಲಿ ಹಿಡಿಯಿರಿ, ಮನಸ್ಸು ಅರಳಿದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ವಂದಿಸಿ ಕಳಿಸಿಕೊಡಿ ಎಂಬುದು ಅವರ ಉಪದೇಶ. 2019ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದು ಲೋಕದ ಮನೆಗಳನ್ನೆಲ್ಲ ಖಾಲಿ ಮಾಡಿಸಿದರು. ಅದೇ ವರ್ಷ ನವೆಂಬರಿನಲ್ಲಿ ಆನ್‌ಲೈನ್ ಅಂಗಡಿ ತೆರೆದರು. ಒಂದು ಶ್ರುತಿಕವೆ, ಜೊತೆಗೊಂದು ಸ್ಫಟಿಕದ ತುಂಡು, ಬೆಲೆ 75 ಡಾಲರ್. ಖಾಲಿಯಾದ ಕಪಾಟು ಭಣಗುಡಬಾರದಲ್ಲ! 2023ರಲ್ಲಿ, ಮೂರು ಮಕ್ಕಳ ತಾಯಿಯಾದ ಮೇಲೆ, ಒಪ್ಪಮಾಡುವುದನ್ನು ಹೆಚ್ಚುಕಡಿಮೆ ಕೈಬಿಟ್ಟಿದ್ದೇನೆ ಎಂದು ಅವರೇ ಹೇಳಿಕೊಂಡರು. ನಮ್ಮ ಹೆಂಗಸರಿಗೆ ಅವರ ಮೇಲೆ ನಿಜವಾದ ಪ್ರೀತಿ ಹುಟ್ಟಿದ್ದು ಆ ದಿನ.

ಬಿಡುವುದನ್ನು ಕಲಿಯಲು ಅಷ್ಟು ದೂರ ಹೋಗಬೇಕಿರಲಿಲ್ಲ. ಶ್ರವಣಬೆಳಗೊಳದಲ್ಲಿ 57 ಅಡಿಯ ಗೊಮ್ಮಟ ಸಾವಿರ ವರ್ಷದಿಂದ ಮೈಮೇಲೆ ನೂಲೆಳೆಯೂ ಇಲ್ಲದೆ ನಿಂತಿದ್ದಾನೆ. ನಾವು ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ, ಕೈಮುಗಿದು, ಇಳಿದು ಬಂದು, ಅಂಗಡಿಯಲ್ಲಿ ಅವನದೇ ಗೇಣುದ್ದದ ಪ್ರತಿಮೆ ಕೊಂಡು ಶೋಕೇಸಿಗೆ ಸೇರಿಸುತ್ತೇವೆ.

ಒಪ್ಪವಾಗಿಡಲು ನಮಗೆ ಬರುವುದೇ ಇಲ್ಲ ಎಂದರೆ ಅದೂ ಸುಳ್ಳು. ಮೈಸೂರು ಕಡೆಯ ಹಳೆಯ ಮನೆಗಳಲ್ಲಿ ದಸರಾ ಬೊಂಬೆಯ ಟ್ರಂಕು ತೆರೆಸಿ ನೋಡಿ. ಪಟ್ಟದ ರಾಜ ರಾಣಿ ಹಳೆಯ ಪಂಚೆಯ ತುಂಡಿನಲ್ಲಿ, ಶೆಟ್ಟರು ಮತ್ತು ಅವರ ಅಂಗಡಿ ಸಾಮಾನು ಬೇರೆ ಗಂಟಿನಲ್ಲಿ. ನವರಾತ್ರಿಗೆ ಸರಿಯಾಗಿ ಹೊರಬಂದು ಬೆಸ ಸಂಖ್ಯೆಯ ಮೆಟ್ಟಿಲೇರುತ್ತವೆ, ಹಬ್ಬ ಮುಗಿದರೆ ಅದೇ ಬಟ್ಟೆಯಲ್ಲಿ ಅದೇ ಟ್ರಂಕಿಗೆ. ನಾಳೆ ಎಂಬ ಮಾತೇ ಇಲ್ಲ. ಬೊಂಬೆ ನೋಡಲು ಎದುರುಮನೆಯವರು ಇವತ್ತೇ ಬರುತ್ತಾರಲ್ಲ. ಕೆಲಸ ಮಾಡಿಸುವುದರಲ್ಲಿ ನೆಂಟರ ಭಯದ ಮುಂದೆ ಯಾವ ಆ್ಯಪೂ ಇಲ್ಲ. ‘ಇಲ್ಲೇ ಸರ್ಕಲ್ ಹತ್ತಿರ ಇದೀವಿ’ ಎಂಬ ಫೋನು ಬಂದರೆ ಹಾಲ್ ಕ್ಷಣದಲ್ಲಿ ಅರಮನೆಯಾಗುತ್ತದೆ. ಬೆಡ್‌ರೂಮಿನ ಬಾಗಿಲು ಮಾತ್ರ ತೆರೆಯಬಾರದು.

ಬಂದವರು ಬರಿಗೈಲಿ ಹೋಗುವಂತಿಲ್ಲ. ತಾಂಬೂಲದ ಜೊತೆ ಒಂದು ರವಿಕೆ ಕಣ. ಅದು ಹೊಲಿಸುವಂಥದ್ದಲ್ಲ ಎಂದು ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು. ಗೌರಿ ಹಬ್ಬಕ್ಕೆ ಜಯನಗರದಿಂದ ಹೊರಟ ಕಣ ನವರಾತ್ರಿಗೆ ಮಲ್ಲೇಶ್ವರಕ್ಕೆ, ಯಾರದೋ ಸೀಮಂತಕ್ಕೆ ತುಮಕೂರಿಗೆ, ಅಲ್ಲಿಂದ ಮದುವೆ ಮನೆಯ ದಾರಿ ಹಿಡಿದು ಮತ್ತೆ ಜಯನಗರಕ್ಕೆ ಬರುತ್ತದೆ. ಯಾವ ಟೈಲರನ ಕತ್ತರಿಯೂ ಅದಕ್ಕೆ ಸೋಕಿರುವುದಿಲ್ಲ. ಲೆಮನ್ ಸೆಟ್ಟು, ಗೋಡೆ ಗಡಿಯಾರಗಳು ಸಾಗುವುದೂ ಇದೇ ಹೆದ್ದಾರಿಯಲ್ಲಿ. ಮನೆಯ ರಾಶಿ ಕರಗಿಸಲು ನಾವು ಕಂಡುಹಿಡಿದ ಪದ್ಧತಿ ಇದೊಂದೇ, ಇನ್ನೊಬ್ಬರ ಮನೆಗೆ ಅರಿಶಿನ ಕುಂಕುಮ ಸಮೇತ ದಾಟಿಸುವುದು. ಇದರಲ್ಲಿರುವ ಶಿಸ್ತು ಯಜಮಾನರ ಎಕ್ಸೆಲ್ ಶೀಟಿಗೆ ಏಳು ಜನ್ಮಕ್ಕೂ ಬರದು. ಕೊಟ್ಟವರಿಗೇ ತಿರುಗಿ ಹೋಗಬಾರದೆಂದು ಜಾಣೆಯರು ಪ್ರತಿ ಕಣದ ಮಡಿಕೆಯೊಳಗೆ ಕೊಟ್ಟವರ ಹೆಸರಿನ ಚೀಟಿ ಇಟ್ಟಿರುತ್ತಾರೆ. ಒಂದೇ ಅಪಾಯ, ದಾಟಿಸುವ ಗಡಿಬಿಡಿಯಲ್ಲಿ ಆ ಚೀಟಿ ತೆಗೆಯುವುದೇ ಮರೆತುಹೋಗುತ್ತದೆ.